ಓದುಗರ ಪ್ರಶ್ನೆ: ತಟ್ಟೆಯಲ್ಲಿ ಬೆಳೆದ ನರಕೋಶ ಹಾರ್ಮೋನಿನ ಬಗ್ಗೆ ಏನು ಹೇಳೀತು?

ಕಳೆದ ಸಂಚಿಕೆಯಲ್ಲಿ ಮುಟ್ಟು ನಿಂತ ನಂತರ ಕಾಣಿಸಿಕೊಳ್ಳುವ ಮರೆವಿನ ಬಗ್ಗೆ ಬರೆಯುವಾಗ, ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶಗಳನ್ನು ಹೆಣ್ಣಿನ ಹಾರ್ಮೋನಾದ ಈಸ್ಟ್ರೊಜೆನ್ ಸಾವಿನಿಂದ ಕಾಪಾಡಿದೆ ಎಂದು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೆವು. ಆ ಸಾಲನ್ನು ಹಿಡಿದು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಲವು ಓದುಗರು ಪತ್ರ ಬರೆದಿದ್ದಾರೆ. ಆದ್ದರಿಂದ ಈ ಸಲದ ಅಂಕಣ ಪೂರ್ತಿಯಾಗಿ ಅದಕ್ಕೇ ಮೀಸಲು.

ಪ್ರಶ್ನೆ: ನರಕೋಶಗಳು ಒಮ್ಮೆ ಬೆಳೆದು ನಿಂತ ಮೇಲೆ ಮತ್ತೆ ವಿಭಜನೆ ಹೊಂದುವುದಿಲ್ಲ ಎಂದೇ ನಾವು ಮಕ್ಕಳಿಗೆ ಕಲಿಸುತ್ತ ಬಂದಿದ್ದೇವೆ. ಹಾಗಿದ್ದರೆ ವರ್ಷಗಟ್ಟಲೆ ತಟ್ಟೆಯಲ್ಲಿ ಬೆಳೆಯುವ ಈ ಮಿದುಳಿನ ಕೋಶಗಳು ಎಲ್ಲಿಂದ ಬಂದವು?
— ನಿವೃತ್ತ ಜೀವಶಾಸ್ತ್ರ ಶಿಕ್ಷಕರು, ಗೋಕಾಕ

ಉತ್ತರ: ಗುರುಗಳೇ, ತಾವು ಕಲಿಸಿದ್ದು ಸರಿಯಾಗಿಯೇ ಇದೆ. ಆರೋಗ್ಯವಂತ ಪ್ರೌಢ ನರಕೋಶವನ್ನು ತಟ್ಟೆಗೆ ಹಾಕಿದರೆ ಅದು ಕೆಲವು ದಿನ ಅಥವಾ ವಾರ ಬದುಕುತ್ತದೆಯೇ ಹೊರತು ಸಂಖ್ಯೆಯಲ್ಲಿ ಹೆಚ್ಚುವುದಿಲ್ಲ. ಹೆಚ್ಚುತ್ತ ಹೋಗುವ ಕೋಶ ಬೇಕೆಂದರೆ ಎರಡು ದಾರಿಗಳಿವೆ: ತಾನಾಗಿಯೇ ಕ್ಯಾನ್ಸರ್ ಆಗಿರುವ ಕೋಶವನ್ನು ಹುಡುಕಿ ತರುವುದು ಒಂದು, ಸಾಧಾರಣ ಕೋಶದೊಳಗೆ ವಿಭಜನೆಯ ತಡೆಯನ್ನು ತೆಗೆದುಹಾಕುವ ವಂಶವಾಹಿಯೊಂದನ್ನು ಸೇರಿಸುವುದು ಇನ್ನೊಂದು. ಇವೆರಡರಲ್ಲಿ ಯಾವ ದಾರಿಯಿಂದ ಬಂದರೂ ಹೀಗೆ ಕೊನೆಯಿಲ್ಲದೆ ಬೆಳೆಯುವ ಕೋಶಗಳ ಸಂತತಿಯನ್ನು ಕೋಶ ತಳಿ ಎನ್ನುತ್ತಾರೆ.

ಮೊದಲ ದಾರಿಯಲ್ಲಿ ಬಂದವುಗಳ ಪೈಕಿ ಇಂದು ಎಲ್ಲ ಕಡೆ ಬಳಕೆಯಲ್ಲಿರುವುದು ಎಸ್‌ಎಚ್-ಎಸ್‌ವೈ5ವೈ. ನರಮೂಲದ ಗಡ್ಡೆಯಿಂದ ಬಳಲುತ್ತಿದ್ದ ನಾಲ್ಕು ವರ್ಷದ ಹೆಣ್ಣುಮಗುವೊಂದರ ಅಸ್ಥಿಮಜ್ಜೆಯಿಂದ 1970ರಲ್ಲಿ ತೆಗೆದ ಕೋಶಗಳಿಂದ ಒಂದು ತಳಿ ಬೆಳೆಯಿತು. ಅದರಿಂದ ಮೂರು ಸಲ ಆಯ್ದು ಬೇರ್ಪಡಿಸಿದ ಉಪತಳಿಯೇ ಇದು. ಗಮನಿಸಿ, ಈ ಕೋಶಗಳು ಸಿಕ್ಕಿದ್ದು ಮಿದುಳಿನಲ್ಲಲ್ಲ. ಆ ಗಡ್ಡೆ ಹುಟ್ಟುವುದು ಮಿದುಳಿನ ಹೊರಗಿನ ನರವ್ಯೂಹಕ್ಕೆ ಸೇರಿದ ಕೋಶಗಳಿಂದ. ಇನ್ನೊಂದು ಪ್ರಸಿದ್ಧ ತಳಿಯಾದ ಪಿಸಿ12 ಬಂದಿದ್ದು ಗಂಡು ಇಲಿಯ ಅಡ್ರಿನಲ್ ಗ್ರಂಥಿಯ ಗಡ್ಡೆಯಿಂದ. ಗ್ರೀನ್ ಮತ್ತು ಟಿಶ್ಲರ್ ಅದನ್ನು 1976ರಲ್ಲಿ ವರದಿ ಮಾಡಿದರು. ನರ ಬೆಳವಣಿಗೆಯ ಅಂಶವನ್ನು ಹಾಕಿದರೆ ಅದು ವಿಭಜನೆ ನಿಲ್ಲಿಸಿ, ಉದ್ದನೆಯ ಎಳೆಗಳನ್ನು ಚಾಚಿ, ನರಕೋಶದಂತೆಯೇ ವರ್ತಿಸುತ್ತದೆ. ಅದರಲ್ಲಿ ಈಸ್ಟ್ರೊಜೆನ್ ಗ್ರಾಹಕಗಳು, ಎಂದರೆ ಹಾರ್ಮೋನನ್ನು ಹಿಡಿದು ಕೋಶಕ್ಕೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳು, ಅತ್ಯಲ್ಪ. ಹೀಗಾಗಿಯೇ ಅದು ಹಾರ್ಮೋನು ಸಂಶೋಧಕರಿಗೆ ಉಪಯೋಗಕ್ಕೆ ಬಂತು: ಬೇಕಾದ ಒಂದೇ ಗ್ರಾಹಕದ ವಂಶವಾಹಿಯನ್ನು ಸೇರಿಸಿ, ಅದು ಇದ್ದಾಗ ಏನಾಗುತ್ತದೆ, ಇಲ್ಲದಾಗ ಏನಾಗುವುದಿಲ್ಲ ಎಂದು ಅಕ್ಕಪಕ್ಕ ಇಟ್ಟು ನೋಡಬಹುದು.

ಎರಡನೆಯ ದಾರಿಯ ಉದಾಹರಣೆ ನನ್ನ ಮಟ್ಟಿಗೆ ಇವೆಲ್ಲಕ್ಕಿಂತ ಸ್ವಾರಸ್ಯಕರ. ಸಂತಾನೋತ್ಪತ್ತಿಯ ಇಡೀ ವ್ಯವಸ್ಥೆಗೆ ಚಾಲನೆ ಕೊಡುವುದು ಜಿಎನ್‌ಆರ್‌ಎಚ್ ಎಂಬ ಚಿಕ್ಕ ಹಾರ್ಮೋನು. ಇದರ ರಚನೆ ತಿಳಿದದ್ದು 1971ರಲ್ಲಿ. ಮಿದುಳಿನ ಇಂಥ ಹಾರ್ಮೋನುಗಳ ಕೆಲಸಕ್ಕಾಗಿ ಗಿಲೆಮಿನ್ ಮತ್ತು ಶಾಲಿ ಅವರಿಗೆ 1977ರಲ್ಲಿ ನೊಬೆಲ್ ಪ್ರಶಸ್ತಿಯ ಪಾಲು ಬಂತು. ಇದನ್ನು ತಯಾರಿಸುವ ನರಕೋಶಗಳು ಮಾತ್ರ ಇಲಿಮರಿಯಂಥ ಚಿಕ್ಕ ಪ್ರಾಣಿಯಾದ ಮೌಸ್‌ನ ಇಡೀ ಮಿದುಳಿನಲ್ಲಿ ಸುಮಾರು ಎಂಟು ನೂರು ಇದ್ದರೆ ಹೆಚ್ಚು, ಅವೂ ಒಂದೆಡೆ ಗುಂಪಾಗಿರದೆ ಚದುರಿರುತ್ತವೆ. ಅವನ್ನು ಆರಿಸಿ ತೆಗೆದು ಅಭ್ಯಾಸ ಮಾಡುವುದು ದುಸ್ಸಾಧ್ಯವಾಗಿದ್ದ ಕಾಲದಲ್ಲಿ ಪಮೇಲಾ ಮೆಲನ್ ಮತ್ತು ಸಂಗಡಿಗರು ಒಂದು ಉಪಾಯ ಹೂಡಿದರು. ಎಸ್‌ವಿ40 ಎಂಬ ವೈರಾಣುವಿನ, ಕೋಶವನ್ನು ವಿಭಜನೆಗೆ ತಳ್ಳುವ ವಂಶವಾಹಿಯನ್ನು ತೆಗೆದುಕೊಂಡು, ಜಿಎನ್‌ಆರ್‌ಎಚ್ ವಂಶವಾಹಿಯನ್ನು ಚಾಲೂ ಮಾಡುವ ಭಾಗಕ್ಕೆ ಜೋಡಿಸಿ, ಅದನ್ನು ಮೌಸ್ ಭ್ರೂಣಕ್ಕೆ ಸೇರಿಸಿದರು. ಯಾವ ಕೋಶಕ್ಕೆ ಜಿಎನ್‌ಆರ್‌ಎಚ್ ತಯಾರಿಸುವ ಸ್ವಭಾವವಿದೆಯೋ ಆ ಕೋಶದಲ್ಲಿ ಮಾತ್ರ ವೈರಾಣುವಿನ ವಂಶವಾಹಿ ಎಚ್ಚರಗೊಳ್ಳುತ್ತದೆ, ಗಡ್ಡೆಯೂ ಅಲ್ಲಿಂದಲೇ ಏಳುತ್ತದೆ. ಆ ಗಡ್ಡೆಯಿಂದ ಬೇರ್ಪಡಿಸಿದ ಜಿಟಿ1 ತಳಿಗಳನ್ನು ಅವರು 1990ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಜಿಟಿ1-7 ಹೆಚ್ಚು ಹೆಸರಾಯಿತು.

ಆಮೇಲೆ ಕಂಡದ್ದು ಯಾರನ್ನಾದರೂ ಬೆರಗುಗೊಳಿಸುವಂಥದು. ಮಿದುಳಿನ ಬೇರಾವ ಭಾಗದ ಸಂಪರ್ಕವೂ ಇಲ್ಲದೆ, ಬರೀ ತಟ್ಟೆಯಲ್ಲಿ ಬೆಳೆದ ಈ ಕೋಶಗಳು ಜಿಎನ್‌ಆರ್‌ಎಚ್ ಅನ್ನು ಒಂದೇ ಸಮನೆ ಸುರಿಸದೆ, ಸುಮಾರು ಅರ್ಧ ಗಂಟೆಗೊಮ್ಮೆ ಅಲೆ ಅಲೆಯಾಗಿ ಬಿಡುಗಡೆ ಮಾಡಿದವು. ಆ ತಾಳ ಕೋಶಗಳ ಒಳಗೇ ಇದೆ ಎಂಬ ಮಾತಿಗೆ ಇದಕ್ಕಿಂತ ನೇರವಾದ ಸಾಕ್ಷಿ ಇಡೀ ಪ್ರಾಣಿಯಲ್ಲಿ ಸಿಗುವುದು ಕಷ್ಟವಿತ್ತು.

ಆದರೆ ಇದೇ ತಳಿ ನಮ್ಮನ್ನು ದಾರಿ ತಪ್ಪಿಸಲೂಬಲ್ಲದು. ಜಿಟಿ1-7 ಕೋಶಗಳಲ್ಲಿ ಈಸ್ಟ್ರೊಜೆನ್ ಗ್ರಾಹಕದ ಆಲ್ಫಾ, ಬೀಟಾ ಎರಡೂ ರೂಪಗಳು ವರದಿಯಾಗಿವೆ. ನಿಜವಾದ ಮಿದುಳಿನ ಜಿಎನ್‌ಆರ್‌ಎಚ್ ನರಕೋಶದಲ್ಲಿ ಬೀಟಾ ಕಾಣುತ್ತದೆ, ಆಲ್ಫಾ ಕಾಣುವುದಿಲ್ಲ. ಅಂಡಾಶಯದ ಈಸ್ಟ್ರೊಜೆನ್ ಹೇಳಬೇಕಾದ ಮುಖ್ಯ ಮಾತನ್ನು ಕಿಸ್‌ಪೆಪ್ಟಿನ್ ಎಂಬ ಸಂದೇಶವಾಹಕವನ್ನು ತಯಾರಿಸುವ ನೆರೆಯ ನರಕೋಶಗಳಿಗೆ ಹೇಳುತ್ತದೆ, ಅವು ಜಿಎನ್‌ಆರ್‌ಎಚ್ ಕೋಶಗಳಿಗೆ ಮುಟ್ಟಿಸುತ್ತವೆ. ಕಿಸ್‌ಪೆಪ್ಟಿನ್ ಗ್ರಾಹಕ ಕೆಟ್ಟವರಿಗೆ ಹರೆಯವೇ ಬರುವುದಿಲ್ಲ ಎಂದು 2003ರಲ್ಲಿ ಎರಡು ತಂಡಗಳು ಕಂಡುಕೊಂಡದ್ದು ರೋಗಿಗಳ ಕುಟುಂಬಗಳ ಅಧ್ಯಯನದಿಂದಲೇ ಹೊರತು ತಟ್ಟೆಯ ಕೋಶಗಳಿಂದಲ್ಲ. ಒಂದೇ ಬಗೆಯ ಕೋಶವಿರುವ ತಟ್ಟೆಯಲ್ಲಿ ಎರಡು ಬಗೆಯ ಕೋಶಗಳ ನಡುವಿನ ಮಾತುಕತೆ ಕೇಳಿಸುವುದಾದರೂ ಹೇಗೆ?

ಪ್ರಶ್ನೆ: ಎಸ್‌ಎಚ್-ಎಸ್‌ವೈ5ವೈ ಕೋಶಗಳ ಮೇಲೆ ಎಸ್ಟ್ರಾಡಿಯಾಲ್ (ಮುಖ್ಯ ಈಸ್ಟ್ರೊಜೆನ್) ಪರಿಣಾಮ ನೋಡುವ ಚಿಕ್ಕ ಪ್ರಾಜೆಕ್ಟ್ ಕೈಗೆತ್ತಿಕೊಂಡಿದ್ದೇನೆ. ಕೆಂಪು ಬಣ್ಣವಿಲ್ಲದ ಮೀಡಿಯಂ ತರಿಸಬೇಕು, ಸೀರಂ ಕೂಡ ಬೇರೆಯದೇ ಬೇಕು ಎನ್ನುತ್ತಾರೆ. ಬೆಲೆ ಹೆಚ್ಚು. ಇದು ನಿಜಕ್ಕೂ ಅಗತ್ಯವೇ? ಕೋಶ ಹೆಣ್ಣಿನದೋ ಗಂಡಿನದೋ ಎಂಬುದೂ ಮುಖ್ಯವೇ?
— ಎಂ.ಎಸ್‌ಸಿ. ವಿದ್ಯಾರ್ಥಿನಿ, ವಿಜಯಪುರ

ಉತ್ತರ: ಅಗತ್ಯ. ಬೇರೆ ಯಾವುದರಲ್ಲಾದರೂ ಹಣ ಉಳಿಸಿ, ಇದರಲ್ಲಿ ಬೇಡ.

ಕೋಶಗಳು ಬೆಳೆಯುವ ಪೋಷಕ ದ್ರವ, ಎಂದರೆ ಮೀಡಿಯಂ, ಆಮ್ಲೀಯವಾಯಿತೇ ಎಂದು ಬಣ್ಣದಿಂದ ತಿಳಿಯಲಿ ಎಂದು ಫೀನಾಲ್ ರೆಡ್ ಸೇರಿಸಿರುತ್ತಾರೆ. ಕೋಶಗಳು ಚೆನ್ನಾಗಿ ಬೆಳೆದು ಆಮ್ಲ ಬಿಟ್ಟಾಗ ಕೆಂಪು ಮೀಡಿಯಂ ಹಳದಿಗೆ ತಿರುಗುವುದನ್ನು ನೀವು ದಿನವೂ ನೋಡುತ್ತಿರುತ್ತೀರಿ. ಈ ಬಣ್ಣಕ್ಕೆ ಈಸ್ಟ್ರೊಜೆನ್ ಗುಣವಿದೆ ಎಂದು 1986ರಲ್ಲಿ ಕ್ಯಾಟ್ಸೆನೆಲೆನ್‌ಬೋಗೆನ್ ಅವರ ತಂಡ ಸ್ತನ ಕ್ಯಾನ್ಸರ್ ಕೋಶಗಳಲ್ಲಿ ತೋರಿಸಿತು. ಈಸ್ಟ್ರೊಜೆನ್ ಗ್ರಾಹಕಕ್ಕೆ ಅಂಟಿಕೊಳ್ಳುವ ಅದರ ಶಕ್ತಿ ಎಸ್ಟ್ರಾಡಿಯಾಲ್‌ನ ಶೇ. 0.001 ಮಾತ್ರ. ಅಷ್ಟಕ್ಕೆ ಯಾಕೆ ಹೆದರಬೇಕು ಎನ್ನಬಹುದು. ಆದರೆ ಲೆಕ್ಕ ಹಾಕಿ ನೋಡಿ: ಮೀಡಿಯಂಗಳಲ್ಲಿ ಈ ಬಣ್ಣ 15ರಿಂದ 45 ಮೈಕ್ರೋಮೋಲಾರ್ ಇರುತ್ತದೆ, 30 ಮೈಕ್ರೋಮೋಲಾರ್‌ನ ಶೇ. 0.001 ಎಂದರೆ 0.3 ನ್ಯಾನೋಮೋಲಾರ್ (ಒಂದು ಮೈಕ್ರೋ ಎಂದರೆ ಸಾವಿರ ನ್ಯಾನೋ). ಹೆಣ್ಣಿನ ರಕ್ತದಲ್ಲಿ ಅಂಡ ಬಿಡುಗಡೆಯ ಮುಂಚಿನ ಏರಿಕೆಯಲ್ಲೇ ಎಸ್ಟ್ರಾಡಿಯಾಲ್ ಸುಮಾರು 1 ನ್ಯಾನೋಮೋಲಾರ್ ಆಸುಪಾಸು. ಅಂದರೆ ನೀವು ಹಾರ್ಮೋನು ಹಾಕುವ ಮೊದಲೇ ನಿಮ್ಮ ಕೋಶಗಳು ಹಾರ್ಮೋನಿನಲ್ಲಿ ನೆಂದು ಕೂತಿರುತ್ತವೆ. ಆಮೇಲೆ ಹಾಕಿದ್ದಕ್ಕೆ ಅವು ಸುಮ್ಮನಿದ್ದರೆ "ಪರಿಣಾಮವಿಲ್ಲ" ಎಂದು ಬರೆದುಬಿಡುತ್ತೀರಿ. ಈ ಗುಣ ಬಣ್ಣಕ್ಕಿಂತ ಅದರೊಳಗಿನ ಕಲ್ಮಶದ್ದು ಎಂದು ನಂತರ ವರದಿಯಾಯಿತು. ಕಲ್ಮಶ ಪೊಟ್ಟಣದಿಂದ ಪೊಟ್ಟಣಕ್ಕೆ ಬದಲಾಗುವುದರಿಂದ ಅಪಾಯ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ.

ಸೀರಂನ ಕಥೆಯೂ ಇದೇ. ಕರುವಿನ ಭ್ರೂಣದ ರಕ್ತದಿಂದ ತೆಗೆದ ಸೀರಂನಲ್ಲಿ ಸ್ಟಿರಾಯ್ಡ್ ಹಾರ್ಮೋನುಗಳು ಇದ್ದೇ ಇರುತ್ತವೆ. ಡೆಕ್ಸ್‌ಟ್ರಾನ್ ಲೇಪಿಸಿದ ಇದ್ದಿಲಪುಡಿಯಲ್ಲಿ ಅದನ್ನು ಕಲಕಿ ತೆಗೆದರೆ ಅವು ಇದ್ದಿಲಿಗೆ ಅಂಟಿ ಹೋಗುತ್ತವೆ. ಜೊತೆಗೆ ಥೈರಾಯ್ಡ್ ಹಾರ್ಮೋನು, ಕೆಲವು ವಿಟಮಿನ್‌ಗಳೂ ಹೋಗುವುದರಿಂದ ಕೋಶಗಳ ಬೆಳವಣಿಗೆ ತುಸು ಮಂದವಾಗುತ್ತದೆ. ಅದನ್ನು ಕಂಡು ಗಾಬರಿಯಾಗಬೇಡಿ. ಹಾರ್ಮೋನು ಹಾಕುವ ಒಂದೆರಡು ದಿನ ಮುಂಚೆಯೇ ಕೋಶಗಳನ್ನು ಈ ಮೀಡಿಯಂಗೆ ಬದಲಾಯಿಸಿರಿ. ಎಸ್ಟ್ರಾಡಿಯಾಲ್ ನೀರಿನಲ್ಲಿ ಕರಗದು, ಎಥನಾಲ್‌ನಲ್ಲಿ ಕರಗಿಸುತ್ತೀರಿ. ಆ ಎಥನಾಲ್ ಕೊನೆಯ ಪ್ರಮಾಣದಲ್ಲಿ ಶೇ. 0.1 ಮೀರದಿರಲಿ, ತಟ್ಟೆಯ ಹಾರ್ಮೋನಿಲ್ಲದ ಗುಳಿಗಳಿಗೂ ಅಷ್ಟೇ ಎಥನಾಲ್ ಬೀಳಲಿ. ಪ್ಲಾಸ್ಟಿಕ್‌ನ ಮೇಲೂ ಒಂದು ಕಣ್ಣಿರಲಿ. 1993ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಯೀಸ್ಟ್ ಈಸ್ಟ್ರೊಜೆನ್ ತಯಾರಿಸುತ್ತದೆಂದು ಹಿಗ್ಗುವಷ್ಟರಲ್ಲಿ, ಆ ವಸ್ತು ಯೀಸ್ಟ್‌ನದಲ್ಲ, ಉಗಿಯಿಂದ ಕ್ರಿಮಿ ಕೊಲ್ಲುವ ಆಟೋಕ್ಲೇವ್‌ನ ಬಿಸಿಗೆ ಪಾಲಿಕಾರ್ಬೊನೇಟ್ ಫ್ಲಾಸ್ಕ್ ಬಿಟ್ಟ ಬಿಸ್ಫಿನಾಲ್-ಎ ಎಂದು ಗೊತ್ತಾಯಿತು.

ಪ್ರಮಾಣದ ವಿಷಯವನ್ನು ಒತ್ತಿ ಹೇಳಬೇಕು, ಏಕೆಂದರೆ ಕಳೆದ ಸಂಚಿಕೆಯ ನಮ್ಮ ಸಾಲಿನ ಹಿಂದೆ ಇರುವುದೂ ಇದೇ. ತೊಂಬತ್ತರ ದಶಕದಲ್ಲಿ ಮೌಸ್‌ನ ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗ) ಮೂಲದ ಎಚ್‌ಟಿ22 ಕೋಶಗಳಿಗೆ ವಿಷಕಾರಿ ಪ್ರಮಾಣದ ಗ್ಲುಟಮೇಟ್ ಹಾಕಿ, ಎಸ್ಟ್ರಾಡಿಯಾಲ್ ಅವನ್ನು ಕಾಪಾಡುವುದನ್ನು ತೋರಿಸಿದರು. ಅಲ್ಲಿ ಬಳಸಿದ್ದು 10 ಮೈಕ್ರೋಮೋಲಾರ್, ರಕ್ತದಲ್ಲಿನ ಗರಿಷ್ಠದ ಸುಮಾರು ಹತ್ತು ಸಾವಿರ ಪಟ್ಟು. ಆ ಕೋಶಗಳಲ್ಲಿ ಕೆಲಸ ಮಾಡುವ ಈಸ್ಟ್ರೊಜೆನ್ ಗ್ರಾಹಕವೇ ಇರಲಿಲ್ಲ. ಎಸ್ಟ್ರಾಡಿಯಾಲ್‌ನದೇ, ಹಾರ್ಮೋನಾಗಿ ದುರ್ಬಲವಾದ 17-ಆಲ್ಫಾ ರೂಪವೂ ಅಷ್ಟೇ ಚೆನ್ನಾಗಿ ಕಾಪಾಡಿತು. ಎಂದರೆ ಅಲ್ಲಿ ಕೆಲಸ ಮಾಡಿದ್ದು ಆ ಅಣುವಿನ ಫೀನಾಲ್ ಉಂಗುರದ ಉತ್ಕರ್ಷಣ ನಿರೋಧಕ ಗುಣ. ಹಾರ್ಮೋನಿನ ಕೆಲಸವೆಂದು ಅದನ್ನು ಕರೆಯಲಾಗದು. ಆದ್ದರಿಂದ ನಿಮ್ಮ ಪ್ರಯೋಗದಲ್ಲಿ 0.1, 1, 10 ನ್ಯಾನೋಮೋಲಾರ್ ಇಡಿ. ಗ್ರಾಹಕವನ್ನು ತಡೆಯುವ ಫುಲ್ವೆಸ್ಟ್ರಾಂಟ್ ಹಾಕಿದ ಒಂದು ಸಾಲು, 17-ಆಲ್ಫಾ ರೂಪ ಹಾಕಿದ ಒಂದು ಸಾಲು ಜೊತೆಗಿರಲಿ. ತಡೆದಾಗ ಪರಿಣಾಮ ಅಳಿದರೆ ಅದು ಗ್ರಾಹಕದ ಮೂಲಕ ಆದದ್ದೆಂದು ಧೈರ್ಯವಾಗಿ ಬರೆಯಬಹುದು. ಅದಕ್ಕೂ ಮೊದಲು ನಿಮ್ಮ ಕೈಯಲ್ಲಿರುವ ಕೋಶಗಳಲ್ಲಿ ಯಾವ ಗ್ರಾಹಕವಿದೆ, ಎಷ್ಟಿದೆ ಎಂದು ನೋಡಿಕೊಳ್ಳಿ. ಆಲ್ಫಾ ಗ್ರಾಹಕದ ವಂಶವಾಹಿ ಸಿಕ್ಕಿದ್ದು 1986ರ ಹೊತ್ತಿಗೆ, ಬೀಟಾ ಸಿಕ್ಕಿದ್ದು 1996ರಲ್ಲಿ. ಆ ನಡುವಿನ ವರ್ಷಗಳ ಲೇಖನಗಳಲ್ಲಿ "ಈಸ್ಟ್ರೊಜೆನ್ ಗ್ರಾಹಕ" ಎಂದಷ್ಟೇ ಇದ್ದರೆ ಅದು ಎರಡರಲ್ಲಿ ಯಾವುದೆಂದು ಲೇಖಕರಿಗೇ ಗೊತ್ತಿರುವ ಸಂಭವವಿರಲಿಲ್ಲ.

ಇನ್ನು ಕೋಶದ ಲಿಂಗ. ಎಸ್‌ಎಚ್-ಎಸ್‌ವೈ5ವೈ ಹೆಣ್ಣಿನದು, ಎರಡು ಎಕ್ಸ್ ವರ್ಣತಂತುಗಳಿವೆ. ಪಿಸಿ12 ಮತ್ತು ಮೌಸ್‌ನ ನ್ಯೂರೋ-2ಎ ಗಂಡಿನವು. ಲೈಂಗಿಕ ಹಾರ್ಮೋನು ಕುರಿತ ಪ್ರಯೋಗವನ್ನು ಒಂದೇ ಲಿಂಗದ ಕೋಶದಲ್ಲಿ ಮಾಡಿ, ಲಿಂಗವನ್ನೇ ನಮೂದಿಸದೆ ಪ್ರಕಟಿಸುವ ಪರಿಪಾಠ ಬಹುಕಾಲ ನಡೆಯಿತು. ನನಗೆ ಇದು ಅಚ್ಚರಿಗಿಂತ ಹೆಚ್ಚಾಗಿ ಅಲಕ್ಷ್ಯವೆಂದೇ ಕಾಣುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು 2014ರಲ್ಲಿ ಇದರ ಬಗ್ಗೆ ಎಚ್ಚರಿಸಿ, 2016ರಿಂದ ಅನುದಾನದ ಅರ್ಜಿಗಳಲ್ಲಿ ಲಿಂಗವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನು ನಿಯಮ ಮಾಡಿದವು. ಹೀಗಿದ್ದರೂ ಒಂದು ಹೆಣ್ಣು ತಳಿ, ಒಂದು ಗಂಡು ತಳಿ ಇಟ್ಟು ಹೋಲಿಸಿ "ಇದು ಲಿಂಗಭೇದ" ಎಂದು ಹೇಳಿಬಿಡಬೇಡಿ. ಒಂದು ಮಗುವಿನದು, ಒಂದು ಇಲಿಯದು, ಗಡ್ಡೆಗಳೂ ಬೇರೆ. ಗಂಡು ತಳಿಗಳು ವೈ ವರ್ಣತಂತುವನ್ನೇ ಕಳೆದುಕೊಳ್ಳುವುದು ಸಾಮಾನ್ಯ. ನಿಮ್ಮ ತಳಿಯಲ್ಲಿಯೂ ವರ್ಣತಂತುಗಳು 46 ಅಲ್ಲ, 47. ಮೇಲಾಗಿ, ಒಂದು ಮನೆಯ ಹೆಪ್ಪು ಹತ್ತು ಮನೆ ದಾಟಿದಾಗ ಮೊಸರಿನ ರುಚಿ ಬದಲಾಗುವಂತೆ, ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ಹೋದ ತಳಿ ಮೂಲದಂತೆ ಉಳಿಯುವುದಿಲ್ಲ. ಆದ್ದರಿಂದ ಎಷ್ಟನೆಯ ಪ್ಯಾಸೇಜ್‌ನಲ್ಲಿ (ಎಷ್ಟನೆಯ ಸಲ ಹೊಸ ತಟ್ಟೆಗೆ ಬದಲಾಯಿಸಿದ ಮೇಲೆ) ಪ್ರಯೋಗ ಮಾಡಿದಿರಿ ಎಂಬುದನ್ನು ನೋಟ್‌ಬುಕ್‌ನಲ್ಲಿ ತಪ್ಪದೆ ಬರೆದಿಡಿ.

ನಿಮ್ಮ ಊರಿಗೇ ವಿಶೇಷವಾದ ಒಂದು ಮಾತು. ಸಾಧಾರಣ ಕಾರ್ಬನ್ ಡೈಆಕ್ಸೈಡ್ ಇನ್‌ಕ್ಯುಬೇಟರ್‌ಗೆ ಬಿಸಿ ಮಾಡಲು ಬರುತ್ತದೆ, ತಂಪು ಮಾಡಲು ಬರುವುದಿಲ್ಲ. ಅದು 37 ಡಿಗ್ರಿಯಲ್ಲಿ ನಿಲ್ಲಬೇಕಾದರೆ ಕೋಣೆ ಅದಕ್ಕಿಂತ ಹಲವು ಡಿಗ್ರಿ ತಂಪಾಗಿರಬೇಕು. ವಿಜಯಪುರದ ಏಪ್ರಿಲ್–ಮೇ ತಿಂಗಳಲ್ಲಿ ಕರೆಂಟ್ ಹೋಗಿ ಎ.ಸಿ. ನಿಂತು, ಇನ್‌ಕ್ಯುಬೇಟರ್ ಮಾತ್ರ ಯುಪಿಎಸ್ ಮೇಲೆ ನಡೆಯುತ್ತಿದ್ದರೆ ಕೋಶಗಳು ಬೆಂದುಹೋಗುವ ಸಂಭವವಿದೆ. ಕೋಣೆಯ ತಾಪವನ್ನೂ ಬರೆದಿಡಿ.

ಪ್ರಶ್ನೆ: ಗಂಡಸರ ಮಿದುಳಿನಲ್ಲಿಯೂ ಹೆಣ್ಣಿನ ಹಾರ್ಮೋನು ಇರುತ್ತದೆಯೇ?
— ಓದುಗರೊಬ್ಬರು, ಅಥಣಿ

ಉತ್ತರ: ಇರುತ್ತದೆ, ಅದೂ ಗಂಡಿನ ಹಾರ್ಮೋನಿನಿಂದಲೇ ತಯಾರಾಗಿ. ಟೆಸ್ಟೋಸ್ಟೆರಾನ್ ಅನ್ನು ಎಸ್ಟ್ರಾಡಿಯಾಲ್ ಆಗಿ ಪರಿವರ್ತಿಸುವ ಅರೋಮಟೇಸ್ ಎಂಬ ಕಿಣ್ವ ಮಿದುಳಿನ ಕೋಶಗಳಲ್ಲಿದೆ. ಇಲಿಗಳಲ್ಲಿ ಗಂಡು ಮಿದುಳು ಗಂಡಾಗಿ ರೂಪುಗೊಳ್ಳುವುದೇ ಬಹುಪಾಲು ಈ ಪರಿವರ್ತನೆಯಿಂದ. ಮನುಷ್ಯರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಕೇಂಬ್ರಿಜ್‌ನ ಸಂಶೋಧಕರು ಮಾನವ ಕಾಂಡಕೋಶಗಳಿಂದ ಬೆಳೆಸಿದ ಸಣ್ಣ ಮಿದುಳು ಮಾದರಿಗಳ ಮೇಲೆ ಹಾರ್ಮೋನು ಹಾಕಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನರಕೋಶಗಳಿಗೆ ಜನ್ಮ ಕೊಡುವ ಕೋಶಗಳನ್ನು ಹೆಚ್ಚಿಸಿದ್ದು ಟೆಸ್ಟೋಸ್ಟೆರಾನ್‌ನಂಥ ಗಂಡಿನ ಹಾರ್ಮೋನುಗಳಾದ ಆಂಡ್ರೊಜೆನ್‌ಗಳು. ಈಸ್ಟ್ರೊಜೆನ್ ಆ ಪರಿಣಾಮ ತೋರಿಸಲಿಲ್ಲ. ಹಾಗಾಗಿ ತಟ್ಟೆಗೆ ಟೆಸ್ಟೋಸ್ಟೆರಾನ್ ಹಾಕಿ ಏನಾದರೂ ಕಂಡರೆ, ಲೆಟ್ರೊಜೋಲ್‌ನಿಂದ ಅರೋಮಟೇಸ್ ತಡೆದು ಇನ್ನೊಮ್ಮೆ ಮಾಡದೆ ಅದು ಯಾವ ಹಾರ್ಮೋನಿನ ಕೆಲಸವೆಂದು ಹೇಳುವಂತಿಲ್ಲ.

ಪ್ರಶ್ನೆ: ನನಗೆ 53 ವರ್ಷ, ಮುಟ್ಟು ನಿಂತು ಎರಡು ವರ್ಷವಾಯಿತು. "ರಾತ್ರಿ ಒಮ್ಮೆಲೆ ಮೈ ಕಾದು ಬೆವರು ಇಳೀತದ", ಇಟ್ಟ ವಸ್ತು ಎಲ್ಲಿಟ್ಟೆನೆಂದು ನೆನಪಾಗುವುದಿಲ್ಲ. ಈಸ್ಟ್ರೊಜೆನ್ ಮಿದುಳು ಕೋಶಗಳನ್ನು ಕಾಪಾಡುವುದು ನಿಜವಾದರೆ, ನಮ್ಮ ಡಾಕ್ಟರು ಆ ಗುಳಿಗೆ ಕೊಡಲು ಯಾಕೆ ಹಿಂದೆಮುಂದೆ ನೋಡುತ್ತಾರೆ?
— ಗೃಹಿಣಿ, ಬಾಗಲಕೋಟೆ

ಉತ್ತರ: ಅಕ್ಕಾ, ನಿಮ್ಮ ಡಾಕ್ಟರು ವಿಚಾರ ಮಾಡಿಯೇ ನಿಧಾನಿಸುತ್ತಿರಬಹುದು. ತಟ್ಟೆಯ ಕೋಶಗಳು, ಇಲಿಗಳು, ಹಾರ್ಮೋನು ಸೇವಿಸುತ್ತಿದ್ದ ಮಹಿಳೆಯರ ಸಮೀಕ್ಷೆಗಳು ಎಲ್ಲವೂ ಒಂದೇ ಆಸೆ ಹುಟ್ಟಿಸಿದ್ದರಿಂದ ಅಮೆರಿಕದಲ್ಲಿ 65 ದಾಟಿದ 4,532 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಈಸ್ಟ್ರೊಜೆನ್ ಜೊತೆ ಕೃತಕ ಪ್ರೊಜೆಸ್ಟಿನ್, ಇನ್ನೊಂದಕ್ಕೆ ಔಷಧಿಯಿಲ್ಲದ ಗುಳಿಗೆ ಕೊಟ್ಟು ಸರಾಸರಿ ನಾಲ್ಕು ವರ್ಷ ನೋಡಿದರು. 2003ರಲ್ಲಿ ಬಂದ ಫಲಿತಾಂಶ ತಿರುಗುಮುರುಗಾಗಿತ್ತು: ಮರೆಗುಳಿ ಕಾಯಿಲೆಯ (ಡಿಮೆನ್ಶಿಯಾ) 61 ಪ್ರಕರಣಗಳಲ್ಲಿ 40 ಹಾರ್ಮೋನು ತೆಗೆದುಕೊಂಡವರಲ್ಲಿ, 21 ತೆಗೆದುಕೊಳ್ಳದವರಲ್ಲಿ. ಕಾಯಿಲೆ ಕಡಿಮೆಯಾಗುವ ಬದಲು ಸುಮಾರು ಎರಡು ಪಟ್ಟಾಯಿತು.

ಕೋಶಗಳು ಸುಳ್ಳು ಹೇಳಿದವೆಂದು ಇದರ ಅರ್ಥವಲ್ಲ. ತಟ್ಟೆಯಲ್ಲಿ ರಕ್ತನಾಳವಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ, ಹದಿನೈದು ವರ್ಷ ಹಾರ್ಮೋನಿಲ್ಲದೆ ಕಳೆದ ಮಿದುಳು ಅಲ್ಲಿಲ್ಲ. ತಟ್ಟೆಗೆ ಹಾಕಿದ್ದು ಶುದ್ಧ ಎಸ್ಟ್ರಾಡಿಯಾಲ್. ಆ ಮಹಿಳೆಯರು ನುಂಗಿದ್ದು ಗಬ್ಬದ ಹೆಣ್ಣುಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೊಜೆನ್‌ಗಳ ಮಿಶ್ರಣ ಮತ್ತು ಅದರೊಂದಿಗೆ ಇನ್ನೊಂದು ಔಷಧಿ. ನಿಮ್ಮ ವಯಸ್ಸು ಆ ಮಹಿಳೆಯರದ್ದಲ್ಲ ಎಂಬುದೂ ಮುಖ್ಯ. ಮುಟ್ಟು ನಿಂತ ಕೆಲವೇ ವರ್ಷಗಳಲ್ಲಿ ಹಾರ್ಮೋನು ಆರಂಭಿಸಿದವರ ಮೇಲೆ ನಂತರ ನಡೆದ ಪರೀಕ್ಷೆಗಳಲ್ಲಿ ನೆನಪಿನ ಶಕ್ತಿಗೆ ಹಾನಿ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ಹೀಗಾಗಿ ಮರೆವು ಹೋಗಲಿ ಎಂಬ ಒಂದೇ ಕಾರಣಕ್ಕೆ ಹಾರ್ಮೋನು ಗುಳಿಗೆ ಕೇಳಬೇಡಿ. ಮೈ ಕಾಯುವುದಕ್ಕೆ ಮಾತ್ರ ಅದು ನಿಜವಾಗಿ ಒಳ್ಳೆಯ ಔಷಧಿ. ಸ್ತನ ಕ್ಯಾನ್ಸರ್, ರಕ್ತ ಹೆಪ್ಪುಗಟ್ಟಿದ ಇತಿಹಾಸ, ಲಿವರ್ ತೊಂದರೆ ಇದ್ದರೆ ಮುಚ್ಚಿಡದೆ ಹೇಳಿ ನಿಮ್ಮ ಡಾಕ್ಟರೊಂದಿಗೆ ತೂಗಿ ನೋಡಿರಿ. ರಾತ್ರಿಯ ನಿದ್ದೆ ಕೂಡಿಬಂದರೆ ಮರೆವೂ ಕೆಲವರಿಗೆ ತಾನಾಗಿ ಹಗುರವಾಗುತ್ತದೆ.

ಈ ಮೈ ಕಾಯುವುದರ ಮೂಲ ಎಲ್ಲಿದೆ ಎಂಬ ಸುಳಿವು ಸಿಕ್ಕಿದ್ದು ಕೂಡ ತಟ್ಟೆಯಲ್ಲಲ್ಲ. ನವೋಮಿ ರಾನ್ಸ್ ಎಂಬ ತಜ್ಞೆ ತೀರಿಕೊಂಡ ಮಹಿಳೆಯರ ಮಿದುಳನ್ನು ಪರೀಕ್ಷಿಸಿ, ಮುಟ್ಟು ನಿಂತವರ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್‌ನಲ್ಲಿ ಈಸ್ಟ್ರೊಜೆನ್ ಗ್ರಾಹಕವುಳ್ಳ ಕೆಲವು ನರಕೋಶಗಳು ಉಬ್ಬಿಕೊಂಡಿರುವುದನ್ನು 1990ರಲ್ಲಿ ವರದಿ ಮಾಡಿದರು. ಹಾರ್ಮೋನಿನ ಲಗಾಮು ಇಲ್ಲದೆ ಆ ಕೋಶಗಳು ಅತಿಯಾಗಿ ಕೆಲಸ ಮಾಡಿ, ಮೈಯ ತಾಪ ನೋಡಿಕೊಳ್ಳುವ ನೆರೆಯ ಭಾಗವನ್ನು ಕೆಣಕುತ್ತವೆ. ಅವು ಬಳಸುವ ಸಂದೇಶವನ್ನು ತಡೆಯುವ, ಹಾರ್ಮೋನಲ್ಲದ ಫೆಜೊಲಿನೆಟಂಟ್ ಎಂಬ ಗುಳಿಗೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ತೆಗೆದುಕೊಳ್ಳುವವರು ಲಿವರ್ ಪರೀಕ್ಷೆ ಮಾಡಿಸುತ್ತಿರಬೇಕು.

ಪ್ರಶ್ನೆ: ಈ ಬಗೆಯ ಕೆಲಸವನ್ನು ಬೆಂಗಳೂರಿಗೆ ಹೋಗದೆ ನಮ್ಮ ಭಾಗದಲ್ಲಿಯೇ ಮಾಡಬಹುದೇ? ಕೋಶಗಳು ಎಲ್ಲಿ ಸಿಗುತ್ತವೆ?
— ಕಾಲೇಜು ಉಪನ್ಯಾಸಕರು, ಬೆಳಗಾವಿ

ಉತ್ತರ: ಮಾಡಬಹುದು. ಕೋಶಗಳಿಗಾಗಿ ಬೆಂಗಳೂರಿಗಿಂತ ಪುಣೆಯ ಕಡೆ ಮುಖ ಮಾಡಿ. ಅಲ್ಲಿಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಲ್ಲಿ ಕೋಶ ತಳಿಗಳ ಭಂಡಾರವಿದ್ದು, ಸಂಸ್ಥೆಯ ಮೂಲಕ ಅರ್ಜಿ ಹಾಕಿದರೆ ಕೊಡುತ್ತಾರೆ. ಬೆಳಗಾವಿಯಿಂದ ಒಂದು ರಾತ್ರಿಯ ಪ್ರಯಾಣ. ನಿಮ್ಮ ಊರಿನಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಾಂಪ್ರದಾಯಿಕ ಔಷಧ ಸಂಸ್ಥೆಯಿದೆ, ವೈದ್ಯಕೀಯ ಕಾಲೇಜುಗಳ ಸಂಶೋಧನಾ ವಿಭಾಗಗಳಿವೆ. ಹೊಸ ಪ್ರಯೋಗಾಲಯ ಕಟ್ಟುವುದಕ್ಕಿಂತ ಅಂಥ ಕಡೆ ಜೊತೆಗೂಡಿ ಕೆಲಸ ಮಾಡುವುದು ಮೇಲು.

ಪಕ್ಕದ ಪ್ರಯೋಗಾಲಯದವರು ಸ್ನೇಹಕ್ಕೆ ಕೊಟ್ಟ ಫ್ಲಾಸ್ಕ್ ಮಾತ್ರ ಬೇಡ. ಸ್ವೀಡನ್ನಿನ ಉಪ್ಸಲಾದಲ್ಲಿ 1966ರಲ್ಲಿ ಒಬ್ಬ ರೋಗಿಯ ಮಿದುಳು ಗಡ್ಡೆಯಿಂದ ಬೆಳೆಸಿದ ಯು87 ತಳಿಯನ್ನು ಜಗತ್ತೆಲ್ಲ ಬಳಸುತ್ತಿತ್ತು. 2016ರಲ್ಲಿ ಮೂಲ ಗಡ್ಡೆಯ ಡಿಎನ್‌ಎ ಜೊತೆ ಹೋಲಿಸಿದಾಗ, ಆ ಹೆಸರಿನಲ್ಲಿ ಹಂಚಿಕೆಯಾಗುತ್ತಿದ್ದ ತಳಿ ಆ ರೋಗಿಯದೇ ಅಲ್ಲವೆಂದು ತಿಳಿಯಿತು. ಅದು ಯಾರದೋ ಮಿದುಳಿನ ಗಡ್ಡೆಯೇ ಇರಬಹುದು, ಆದರೆ ಆ ರೋಗಿಯದಲ್ಲ. ತಳಿ ಕೈಗೆ ಬಂದ ಕೂಡಲೇ ಅದು ಯಾರ ಕೋಶವೆಂದು ಗುರುತು ಹಿಡಿಯುವ ಎಸ್‌ಟಿಆರ್ ಡಿಎನ್‌ಎ ಪರೀಕ್ಷೆಯ ವರದಿ ಕೇಳಿ ಪಡೆಯಿರಿ. ಜೊತೆಗೆ ಮೈಕೊಪ್ಲಾಸ್ಮಾ ಪರೀಕ್ಷೆ ಮಾಡಿಸಿರಿ. ಈ ಸೂಕ್ಷ್ಮಜೀವಿ ಸೇರಿದರೂ ಮೀಡಿಯಂ ಮಬ್ಬಾಗುವುದಿಲ್ಲ, ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಕಾಣುವುದಿಲ್ಲ, ಪೆನಿಸಿಲಿನ್‌ಗೆ ಜಗ್ಗುವುದಿಲ್ಲ. ಕೋಶದ ವರ್ತನೆಯನ್ನು ಮಾತ್ರ ಸದ್ದಿಲ್ಲದೆ ಬದಲಿಸಿರುತ್ತದೆ. ಎರಡೂ ವರದಿಗಳು ಕೈಸೇರುವ ತನಕ ಆ ಫ್ಲಾಸ್ಕ್ ಬೇರೆ ಇನ್‌ಕ್ಯುಬೇಟರ್‌ನಲ್ಲಿರಲಿ.